ಒಳಗೊಂದು ಸದ್ದು, ಹೊರಗೊಂದು ಸದ್ದು

ಮೂವತ್ತು ವರ್ಷದಿಂದ ಒಂದೇ ಜಾತಿಯ ಅಮೆರಿಕನ್ ಸ್ಪೋರ್ಟ್ಸ್ ಕಾರುಗಳನ್ನು ರಿಪೇರಿ ಮಾಡುತ್ತಿದ್ದ ಆ ಮೆಕ್ಯಾನಿಕ್‌ಗೆ ಕಿವಿಯೇ ಬಂಡವಾಳ. ಬಾನೆಟ್ ಎತ್ತುವ ಮೊದಲೇ ಯಾವ ವಾಲ್ವ್ ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ಖಾಯಂ ಗಿರಾಕಿಯಾದ ಹಲ್ಲಿನ ಡಾಕ್ಟರಮ್ಮ ಹಳೇ ಕಾರು ಮಾರಿ, ಅದೇ ಕಾರಿನ ಹೊಸ ತಲೆಮಾರನ್ನು ತಂದು ನಿಲ್ಲಿಸಿದಾಗ ಅವನು ಹುಬ್ಬು ಗಂಟಿಕ್ಕಿದ. ಮುಂದಿದ್ದ ಇಂಜಿನ್ ಸೀಟಿನ ಹಿಂದಕ್ಕೆ ಹೋಗಿತ್ತು. ಅದನ್ನು ಹೇಗೋ ಒಪ್ಪಿಕೊಂಡ. ಆದರೆ ಒಳಗೆ ಕೂತಾಗ ಕೇಳಿದ ಗುಡುಗು ಹೊರಗೆ ನಿಂತಾಗ ಅಷ್ಟಿರಲಿಲ್ಲ.

“ಇದರಲ್ಲೇನೋ ಮೋಸ ಇದೆ ಕಣಮ್ಮ,” ಎಂದ, ಗ್ಯಾರೇಜಿನಲ್ಲಿ ಜೊತೆಗೇ ಕೆಲಸ ಮಾಡುವ ಮಗಳಿಗೆ.

ತಪಾಸಣೆಗೆಂದು ಕಾರಿಗೆ ಲ್ಯಾಪ್‌ಟಾಪ್ ಜೋಡಿಸುತ್ತಿದ್ದ ಅವಳು ನಕ್ಕಳು. “ನಿಮಗೆ ಹೊಸದೆಲ್ಲಾ ಮೋಸಾನೇ ಅಪ್ಪಾ.”

ಅವನು ಸ್ಪೀಕರುಗಳ ಫ್ಯೂಸ್ ಕಿತ್ತ. ಒಳಗಿನ ಗುಡುಗು ಅರ್ಧಕ್ಕರ್ಧ ಇಳಿಯಿತು. ಕಂಪನಿಯವರು ಇಂಜಿನ್ ಸದ್ದಿಗೆ ಸ್ಪೀಕರಿನಿಂದಲೂ ಗುಡುಗು ಸೇರಿಸಿದ್ದರು. ಮಗಳ ನಗುವೂ ಇಳಿಯಿತು.

ಸಂಜೆ ಬಂದ ಡಾಕ್ಟರಮ್ಮನನ್ನು ಕಾರಿನೊಳಗೆ ಕೂರಿಸಿ, ಫ್ಯೂಸ್ ಇದ್ದಾಗಿನ, ಇಲ್ಲದಾಗಿನ ಎರಡೂ ಸದ್ದು ಕೇಳಿಸಿ, “ಫ್ಯೂಸ್ ಹಾಕ್ಲಾ, ಬೇಡ್ವಾ?” ಎಂದು ಕೇಳಿದ.

ಆಕೆ ಸ್ಟಿಯರಿಂಗ್ ಮೇಲೆ ಕೈ ಸವರಿದಳು. “ಹಾಕ್ಬಿಡಿ. ಹಳೇ ಕಾರಿನ ಹಾಗೇ ಕೇಳುತ್ತೆ ಅಂತಲೇ ತಗೊಂಡಿದ್ದು.”

ಅವನು ಹಾಕಿಕೊಟ್ಟ. ಮನೆಗೆ ಹೋಗುವಾಗ ಮಾತ್ರ, ಮಗಳ ಹೊಸ ಸ್ಕೂಟರಿನ ಹಿಂದೆ ಕೂತು, ಅದರ ಸದ್ದನ್ನೂ ಬಗ್ಗಿ ಬಗ್ಗಿ ಕೇಳಿದ.