ಕ್ವಿಜ್ ಉತ್ತರ ಕೇಳುವ ರೀತಿ

ಅದಿರು ಲಾರಿಗಳ ಕೆಂಧೂಳು ಕೀಬೋರ್ಡಿನ ಸಂದಿಗೂ ಇಳಿಯುತ್ತಿದ್ದ ಕಾಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಇಂಟರ್ನೆಟ್ ಸೆಂಟರಿನಲ್ಲಿ ದಿನಾ ಒಂದು ತಾಸು ಕೂತು, ಒಂದು ಕನ್ನಡ ಗುಂಪಿನಲ್ಲಿ ಕಂಡವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ನನ್ನ ಚಟ.

ಒಂದು ದಿನ ಯಾರೋ ಒಬ್ಬ ಅಲ್ಲಿ ಹಂಪಿಯ ಬಗ್ಗೆ ಹತ್ತು ಪ್ರಶ್ನೆ ಸುರಿದಿದ್ದ. ‘ಮಗಳ ಸಾಲಿ ಕ್ವಿಜ್. ಜಲ್ದಿ ಉತ್ತರ ಕಳಸ್ರಿ.’ ಅಷ್ಟೇ. ನಮಸ್ಕಾರವಿಲ್ಲ, ದಯವಿಟ್ಟು ಎಂಬ ಮಾತಿಲ್ಲ. ನಮ್ಮಲ್ಲಿ ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದವರೂ ಮೊದಲು ‘ಊಟ ಆತೇನ್ರಿ’ ಅನ್ನುತ್ತಾರೆ. ಇಂಟರ್ನೆಟ್ ಸಿಕ್ಕಿದ್ದೇ ತಡ, ಜನ ಆ ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿಬಿಟ್ಟಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಕೇಳುವುದು ಹೇಗೆ ಅಂತ ಒಂದು ಪುಟ ಕುಟ್ಟಿದೆ: ಮೊದಲು ನೀವೇ ಹುಡುಕಿ, ಸಿಗದಿದ್ದನ್ನು ಮಾತ್ರ ವಿನಯದಿಂದ ಕೇಳಿ, ಮಗಳಿಗೆ ಭಿಕ್ಷೆ ಬೇಡುವುದನ್ನು ಕಲಿಸಬೇಡಿ. ಕೊನೆಗೆ ದೊಡ್ಡ ದಾನಿಯಂತೆ ಒಂದೇ ಒಂದು ಉತ್ತರ ಎಸೆದೆ. ಕಲ್ಲಿನ ರಥದ ಮುಂದಿರುವ ಪ್ರಾಣಿ ಯಾವುದು? ಕುದುರೆ. ರಥ ಅಂದಮೇಲೆ ಇನ್ನೇನಿರುತ್ತದೆ?

ವಾರದ ಮೇಲೆ ಅವನು ಬರೆದಿದ್ದ:

‘ನಮಸ್ಕಾರ ಸರ್. ನಾ ಕೇಳಿದ ರೀತಿ ತಪ್ಪಾತು. ನೀವು ಬೈದಿದ್ದು ಛಲೋ ಆತ್ರಿ. ಭಾನುವಾರ ಮಗಳನ್ನ ಕರ್ಕೊಂಡು ಕಂಪ್ಲಿಯಿಂದ ಬಸ್ಸಿಗೆ ಹೋಗಿ ಎಲ್ಲಾ ನೋಡ್ಕೊಂಡು ಬಂದ್ವಿ. ರಥದ ಮುಂದ ಇರೋದು ಆನಿ ಸರ್, ಕುದುರಿ ಅಲ್ಲ. ನೀವು ಭಾಳ ದೂರದವರು ಕಾಣ್ತದ. ಒಮ್ಮೆ ಹಂಪಿಗೆ ಬರ್ರಿ, ನಾನ ತೋರಸ್ತೀನಿ. ಥ್ಯಾಂಕ್ಸ್.’

ಹೊಸಪೇಟೆಯಿಂದ ಹಂಪಿಗೆ ಬಸ್ಸಿನಲ್ಲಿ ಅರ್ಧ ತಾಸು. ನಾನು ಯಾವ ಊರಿನವನೆಂದು ಅವನಿಗೆ ಇವತ್ತಿಗೂ ಹೇಳಿಲ್ಲ.