ನಾಲ್ಕು ರಾಗಕ್ಕೆ ನಾನು ಒಪ್ಪಿಕೊಂಡು ಬಂದದ್ದು

ಎರಡೂವರೆ ಸಾವಿರ ಕೊಟ್ಟೆ. ಅವರು ಹೇಳಿದಷ್ಟೇ ಕೊಟ್ಟೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹಳೆಯ ಬಾಗಿಲು, ಕಿಟಕಿ, ತೊಲೆ ಕೊಂಡು ಮಾರುವ ದಂಧೆಯಲ್ಲಿ ಕೂದಲು ಬೆಳ್ಳಗಾದವನು ನಾನು. ಹೇಳಿದ ಬೆಲೆಗೆ ಕೊತ್ತಂಬರಿ ಸಿವುಡನ್ನೂ ತಂದವನಲ್ಲ.

ಹೋದ ತಿಂಗಳು ನಂದಗಡದಲ್ಲಿ ಒಂದು ಹಳೆಯ ಮನೆ ಬಿಚ್ಚುತ್ತಿದ್ದರು. ಸಾಗವಾನಿ ಚೌಕಟ್ಟು ನೋಡಲು ಹೋಗಿದ್ದೆ. ಅಟ್ಟದಿಂದ ಇಳಿಸಿದ ಸಾಮಾನಿನ ನಡುವೆ, ಹಳೆಯ ಕೌದಿಯಲ್ಲಿ ಸುತ್ತಿದ ಒಂದು ಸ್ವರಮಂಡಲ ಸಿಕ್ಕಿತು. ಗಾಯಕರು ಹಾಡುವಾಗ ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತಾರಲ್ಲ, ಆ ಟೊಳ್ಳು ಮರದ ವಾದ್ಯ. ಮೇಲೆ ಮೂವತ್ತಾರು ತಂತಿ. ಪರದೇಶದಲ್ಲಿ ಆಳೆತ್ತರದ ಹಾರ್ಪ್ ಇರುತ್ತದಲ್ಲ, ಅದರ ಗಿಡ್ಡ ತಂಗಿ ಎಂದುಕೊಳ್ಳಿ. ಕೌದಿ ಬಿಚ್ಚಿದಾಗ ತುಕ್ಕಿನ ವಾಸನೆಯ ಹಿಂದೆಯೇ ಸಣ್ಣಗೆ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಅಷ್ಟೇ... ಚೌಕಾಸಿಗೆಂದು ತೆರೆದ ಬಾಯಿ ಮುಚ್ಚಿಕೊಂಡಿತು. ಜೇಬಿಗೆ ಕೈ ಹಾಕಿದೆ.

ಹಲವು ವರ್ಷಗಳ ಹಿಂದೆ, ಬೆಳಗಾವಿಯ ರಾಮತೀರ್ಥ ನಗರದಲ್ಲಿ ನಮ್ಮ ಬಾಜೂ ಮನೆಯ ಮೇಲಿನ ಎರಡು ಖೋಲಿಗಳಲ್ಲಿ ಒಬ್ಬ ಅಕ್ಕೋರು ಬಾಡಿಗೆಗಿದ್ದರು. ಮಕ್ಕಳಿಗೆ ಹಾಡು ಕಲಿಸುತ್ತಿದ್ದರಿಂದ ಓಣಿಗೆಲ್ಲ ಅಕ್ಕೋರು. ಬೆಳಿಗ್ಗೆ ಬಾಲ್ಕನಿಯಲ್ಲಿ ಕುಳಿತು, ಹತ್ತಿಯ ಉಂಡೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ತಂತಿಗಳನ್ನು ಒರೆಸುತ್ತಿದ್ದರು. ಆಮೇಲೆ ನುಡಿಸುತ್ತಿದ್ದರು. ಎಲ್ಲರಂತೆ ಸುಮ್ಮನೆ ಬೆರಳೆಳೆಯುತ್ತಿರಲಿಲ್ಲ. ಬಲಗೈಯಿಂದ ಒಂದೊಂದೇ ತಂತಿ ಮೀಟಿ, ಎಡಗೈ ಹೆಬ್ಬೆರಳಿನಿಂದ ಅದನ್ನೇ ಒತ್ತಿ ಸ್ವರವನ್ನು ಬಾಗಿಸುತ್ತಿದ್ದರು. ಮನುಷ್ಯರು ಹಾಡಿದಂತೆಯೇ ಕೇಳುತ್ತಿತ್ತು.

ಆದರೆ ಹೊಟ್ಟೆಪಾಡು? ಗಾಯಕರ ಹಿಂದೆ ಕೂರುವುದು, ಅವರ ಮುಂದೆ ಮೈಕು, ಇವರ ಮುಂದೆ ನೀರಿನ ಬಾಟಲಿ. ಮದುವೆ ಊಟದ ಹಾಲಿನಲ್ಲಿ ಪಂಕ್ತಿ ಏಳುವವರೆಗೆ ನುಡಿಸುವುದು. ಗೋವಾದ ಒಂದು ಹೋಟೆಲಿನಲ್ಲಿ ಮೂರು ತಿಂಗಳು ಕುಳಿತರು. ಅಲ್ಲಿಯ ಮ್ಯಾನೇಜರು ಲಿಫ್ಟಿನ ಸಪ್ಪಳಕ್ಕೆ ಹೊಂದುವಂಥದ್ದು ಏನಾದರೂ ನುಡಿಸಿ ಅಂದನಂತೆ. ಅದನ್ನು ಹೇಳಿ ಅವರೇ ಬಿದ್ದು ಬಿದ್ದು ನಗುತ್ತಿದ್ದರು.

ಒಂದು ದಿನ ಮಾತ್ರ ನಗಲಿಲ್ಲ. ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ವಾರ್ಡನ್ ಕೆಲಸದ ಪತ್ರ ಬಂದಿತ್ತು. ಅಲ್ಲೇ ಇರಬೇಕು, ಹಗಲು ರಾತ್ರಿ ಅದೇ ಕೆಲಸ. ವಾದ್ಯಕ್ಕೆ ಹೊತ್ತೆಲ್ಲಿಯದು?

"ಒಂದs ಒಂದ ಸಲ ಪೂರ್ತಿ ಒಂದ ತಾಸು ನಾ ಒಬ್ಬಾಕಿನs ನುಡಸಬೇಕ್ರಿ, ಸಾವಕಾರ್ರ. ಮುಂದ ಯಾರೂ ಹಾಡಬಾರದು. ಜನಾ ಕುಂತು ಕೇಳಿದ್ರ ಈ ಪತ್ರ ಹರೀತೇನಿ. ಎದ್ದ ಹೋದ್ರ ಒಂದನೇ ತಾರೀಖಿಗೆ ವಾರ್ಡನ್ ಆಗತೇನಿ," ಅಂದರು.

ನಾನು ಆ ಗಳಿಗೆಯಲ್ಲೇ ನನ್ನನ್ನು ಅವರ ಮ್ಯಾನೇಜರನ್ನಾಗಿ ನೇಮಿಸಿಕೊಂಡೆ. ಅವರನ್ನು ಕೇಳಲಿಲ್ಲ. ಖಾನಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಹಳೆಯ ಗಿರಾಕಿಯೊಬ್ಬರು ಅಲ್ಲಿಯ ಸಂಗೀತ ಮಂಡಳಿಯ ಅಧ್ಯಕ್ಷರು. ನೆಟ್ಟಗೆ ಅವರ ಗಾದಿಯ ಮೇಲೆ ಹೋಗಿ ಕುಳಿತೆ.

"ಅಹೋ, ಬರೇ ಸ್ವರಮಂಡಲ? ಹಾಡೂದು ಯಾರು?" ಅಂದರು ಅಧ್ಯಕ್ಷರು.

"ಅದs ಹಾಡತೈತ್ರಿ."

"ಎಷ್ಟ ರಾಗ?"

ರಾಗವೆಂದರೆ ನನಗೆ ಆಗ ಬಾಗಿಲಿನ ಲೆಕ್ಕವೇ. ಹೆಚ್ಚು ಕೊಟ್ಟರೆ ಗಿರಾಕಿ ಖುಷಿ. "ಬ್ಯಾರೇದವರು ತಾಸಿಗೆ ಎರಡ ಕೊಟ್ರ ನಮ್ಮ ಅಕ್ಕೋರು ನಾಕ ಕೊಡತಾರ. ಸಂಭಾವನಾ ಮಾತ್ರ ಗಾಯಕರಿಗೆ ಕೊಟ್ಟಂಗ ಕೊಡಬೇಕ್ರಿ," ಅಂದೆ. ಸವದಾ ಕುದುರಿತೆಂದು ಅಧ್ಯಕ್ಷರು ಕೈ ಚಾಚಿದರು. ಎಂಟು ದಿನದಲ್ಲಿ ಆಮಂತ್ರಣ ಅಚ್ಚಾಯಿತು. ಅಕ್ಕೋರ ಹೆಸರು ಒಂದೇ, ದಪ್ಪ ಅಕ್ಷರದಲ್ಲಿ. ಕೆಳಗೆ 'ಒಂದು ತಾಸಿನಲ್ಲಿ ನಾಲ್ಕು ರಾಗಗಳು'.

ಅದನ್ನು ಎದೆ ಉಬ್ಬಿಸಿ ತೋರಿಸಿದೆ. ಅಕ್ಕೋರು ಓದಿದರು. ಮತ್ತೆ ಓದಿದರು. ಕಾಗದ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು.

"ಸಾವಕಾರ್ರ, ರಾಗ ಬದಲಿ ಮಾಡಬೇಕಂದ್ರ ನಾ ಏನ್ ಮಾಡತೇನಿ, ಯಾವತ್ತರ ನೋಡೀರೇನು?"

"ಕೀಲಿ ತಿರುವತೀರಿ."

"ಎಷ್ಟ ಹೊತ್ತು?"

ಆಗ ನನಗೆ ಹೊಳೆಯಿತು. ಮೂವತ್ತಾರು ತಂತಿಗಳನ್ನೂ ಒಂದು ರಾಗಕ್ಕೆ ಕೂರಿಸಿದ ಮೇಲೆ ಆ ವಾದ್ಯ ಆ ರಾಗವನ್ನಷ್ಟೇ ನುಡಿಯುತ್ತದೆ. ಇನ್ನೊಂದಕ್ಕೆ ಹೊರಳಿಸಲು ಇಪ್ಪತ್ತು ನಿಮಿಷ ಬೇಕು. ನಾಲ್ಕು ರಾಗಕ್ಕೆ ನಡುವೆ ಮೂರು ಸಲ ಇಪ್ಪತ್ತು. ನಾನು ಮಾರಿಕೊಂಡು ಬಂದ ಒಂದು ತಾಸು ಪೂರ್ತಿ ಕೀಲಿ ತಿರುವುವುದರಲ್ಲೇ ಮುಗಿಯುತ್ತಿತ್ತು!

"ಜನಾ ಟಿಕೀಟ್ ಇಲ್ಲದs ಬಂದು ರಿಪೇರಿ ನೋಡಿ ಹೋಗತಾರ," ಅಂದರು ಅಕ್ಕೋರು. ನಕ್ಕರು. ಆದರೆ ಕಣ್ಣು ಆ ವಾರ್ಡನ್ ಪತ್ರದ ಕಡೆಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬೀಗ ತೆಗೆದಾಗ ಗೋಡೆಗೆ ಸಾಲಾಗಿ ನಿಂತ ಬಾಗಿಲುಗಳು ಕಂಡವು. ಹಾಗೆಯೇ ಬೀಗ ಹಾಕಿ ಅವರ ಮೆಟ್ಟಿಲು ಹತ್ತಿದೆ. "ಅಕ್ಕೋರ, ಗಿರಾಕಿ ಬಂದ ಮ್ಯಾಲೆ ನಾವ್ ಬಾಗಲಾ ಕೆತ್ತಾಕ ಕುಂದರೂದಿಲ್ರಿ. ನಾಕ ಅಳತೀದು ಮೊದಲs ತಯಾರ ಇಟ್ಟಿರತೇವಿ. ಹಂಗs ನಾಕ ಸ್ವರಮಂಡಲ ಇಟಗೋರಿ. ಒಂದ ಮುಗೀತು, ಸರದ ಇನ್ನೊಂದಕ್ಕ ಕುಂದರ್ರಿ!"

ಅವರು ಕೈಯಲ್ಲಿದ್ದ ಹತ್ತಿಯ ಉಂಡೆ ಕೆಳಗಿಟ್ಟು, "ಇದು ಯಾವ ಗುರುಗಳೂ ಹೇಳಿಕೊಟ್ಟಿಲ್ಲ ಬಿಡ್ರಿ," ಅಂದರು.

ಬೆಳಗಾವಿಯಲ್ಲಿ ಹಾಡುವವರಿಗೆ ಬರವಿಲ್ಲ. ಕೇಳಿ ತರುವ ಕೆಲಸ ನನ್ನದು. ಇಬ್ಬರು ಸಲೀಸಾಗಿ ಕೊಟ್ಟರು. ಮೂರನೆಯವರು ಎಲ್ಲರೂ ಗೌರವದಿಂದ ಬುವಾ ಎನ್ನುವ ಹಿರಿಯ ಗಾಯಕರು, ಮಂಚದ ಕೆಳಗಿನ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದರು. "ಹಾಡಿಲ್ಲದ ಸ್ವರಮಂಡಲ? ಅನ್ನಾ ಬಡಸದ ಬರೇ ಉಪ್ಪಿನಕಾಯಿ ತಿನಸತಾಳೇನ ಆಕಿ?"

"ಉಪ್ಪಿನಕಾಯಿ ಛಲೋ ಇದ್ರ ಜನಾ ಬೆರಳ ನೆಕ್ಕತಾರ್ರಿ, ಬುವಾ," ಅಂದೆ. ಹೊಟ್ಟೆ ಕುಲುಕಿಸಿ ನಕ್ಕರು. ಪೆಟ್ಟಿಗೆ ಹೊರಬಂತು.

ಕಾರ್ಯಕ್ರಮದ ದಿನ ಮಧ್ಯಾಹ್ನವೇ ನನ್ನ ಟೆಂಪೋದಲ್ಲಿ ಹೊರಟೆವು. ಬೆಳಗಾವಿಯಲ್ಲೇ ಶ್ರುತಿ ಮಾಡಿದ ನಾಲ್ಕೂ ವಾದ್ಯಗಳನ್ನು ಕೌದಿಯಲ್ಲಿ ಸುತ್ತಿ ಇಟ್ಟಿದ್ದೆವು. ಖಾನಾಪುರ ಮುಟ್ಟುವಷ್ಟರಲ್ಲಿ ಜಿಟಿಜಿಟಿ ಮಳೆ. ಕಾರ್ಯಕ್ರಮವಿದ್ದ ಮಂಗಲ ಕಾರ್ಯಾಲಯದ ಹಿಂದಿನ ಖೋಲಿಯಲ್ಲಿ ಬಿಚ್ಚಿ ಮೀಟಿದರೆ, ಆ ಥಂಡಿಗೆ ನಾಲ್ಕರ ಶ್ರುತಿಯೂ ಕೆಟ್ಟಿತ್ತು! ಉಳಿದದ್ದು ಒಂದು ತಾಸು. ಅಕ್ಕೋರು ಮೂರನ್ನು ಎಳೆದುಕೊಂಡು, ನಾಲ್ಕನೆಯದನ್ನು ಕೀಲಿಯ ಸಮೇತ ನನ್ನ ತೊಡೆಗೆ ತಳ್ಳಿದರು.

"ನನಗೇನ್ ಬರತೈತ್ರಿ?"

"ರೇಟ್ ಕೂಡಸಾಕ ಬರತೈತಲ್ಲ? ನಾ ಹಾಡತೇನಿ, ಅದು ನನ್ನ ಮಾತು. ತಂತಿ ಅನ್ನೂದು ನಿಮ್ಮ ಮಾತು. ಎರಡೂ ಕೂಡೂತನಾ ಜಗ್ಗರಿ. ಕೂಡಿದ ಕೂಡ್ಲೆ ಕೈ ಬಿಡ್ರಿ. ಜಾಸ್ತಿ ಜಗ್ಗಿದ್ರ ಕಡೀತೈತಿ."

ಅವರು ತಮ್ಮ ಕೀಲಿ ತಿರುವುತ್ತಲೇ ನನಗೊಂದು ಸ್ವರ ಹಾಡುವರು. ನಾನು ಏರಿಸುವೆ, ಇಳಿಸುವೆ. ತಂತಿ ಮೊದಲು ತಕರಾರು ಮಾಡಿ, ಆಮೇಲೆ ಒಂದು ಕಡೆ ಥಟ್ಟನೆ ಒಪ್ಪಿಕೊಳ್ಳುತ್ತಿತ್ತು. ಅದು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು... ನನ್ನ ಜೀವಮಾನದ ಅತ್ಯಂತ ಕಠಿಣವಾದ ಮೂವತ್ತಾರು ಸವದಾ.

ಸಂಜೆ ಆರಕ್ಕೆ ಅವರು ವೇದಿಕೆ ಏರಿದರು. ಮಧುವಂತಿ ಮುಗಿಸಿ, ಸೆರಗು ಸರಿಮಾಡಿಕೊಂಡು ಬಾಜೂಕ್ಕೆ ಸರಿದು ಯಮನ್. ಮತ್ತೆ ಸರಿದು ದೇಸ್. ಅವರು ಸರಿದಾಗಲೆಲ್ಲ ಜನ 'ಈಗೇನು' ಎಂದು ಮುಂದಕ್ಕೆ ಬಾಗುತ್ತಿದ್ದರು. ಕೊನೆಗೆ ನನ್ನದು, ಭೈರವಿ. ನಾನು ಕಂಬ ಹಿಡಿದು ನಿಂತಿದ್ದೆ. ಮುಗಿದಾಗ, ಯಾರಾದರೂ ಹೊರಟರೇ ಎಂದು ಮೊದಲು ಬಾಗಿಲ ಕಡೆ ನೋಡಿದೆ. ಆಮೇಲೆ ಅಧ್ಯಕ್ಷರು "ಕ್ಯಾ ಬಾತ್!" ಎಂದು ಎದ್ದದ್ದೇ, ಸಭೆಯೆಲ್ಲ ಎದ್ದಿತು. ಹೊರಡಲು ಎದ್ದದ್ದಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಅಕ್ಕೋರು ಆ ವಾರ್ಡನ್ ಪತ್ರ ಹರಿದರು. ಚೂರುಗಳನ್ನು ಹೊರಗೆ ಎಸೆಯದೆ ಪರ್ಸಿನಲ್ಲಿಟ್ಟುಕೊಂಡರು. ಆಮೇಲೆ ಮೆಲ್ಲಗೆ, "ನೀವು ಮಾಡಿದ್ದರಾಗ ಒಂದ ತಂತಿ ರೇಟಿಗೆ ಒಪ್ಪಿದ್ದಿಲ್ರಿ. ಭೈರವಿ ಪೂರ್ತಿ ಅದನ್ನ ಮುಟ್ಟದs ನುಡಸೇನಿ," ಅಂದರು.

ಮುಂದೆ ಹಲವು ವರ್ಷ ಅವರು ಸ್ವಂತದ ನಾಲ್ಕು ಸ್ವರಮಂಡಲ ಕಟ್ಟಿಕೊಂಡು ಧಾರವಾಡ, ಪುಣೆ, ಗೋವಾ ತಿರುಗಿದರು. ಗೋವಾದಲ್ಲಿ ಲಿಫ್ಟಿನಿಂದ ಬಲು ದೂರದ ಸಭಾಂಗಣದಲ್ಲಿ. ಉಪ್ಪಿನಕಾಯಿಯ ಬುವಾ, "ಆಕಿ ಮೊದಲ ಕಚೇರಿ ಮಾಡಿದ್ದು ನನ್ನ ವಾದ್ಯದ ಮ್ಯಾಲೆ" ಎಂದು ಹೇಳಿಕೊಳ್ಳತೊಡಗಿದರು. ಹೋದ ವರ್ಷ ಅಕ್ಕೋರು ಕಾಯಿಲೆ ಬಿದ್ದು ತೀರಿಕೊಂಡರು. ನಾಲ್ಕೂ ವಾದ್ಯ ನಾಲ್ಕು ಶಿಷ್ಯೆಯರ ಮನೆ ಸೇರಿದವು. ಬಾಲ್ಕನಿಯಲ್ಲಿ ಈಗ ಯಾರದೋ ಬಟ್ಟೆಗಳು ಒಣಗುತ್ತವೆ...

ನಂದಗಡದ ಸ್ವರಮಂಡಲಕ್ಕೆ ಹೊಸ ತಂತಿ ಹಾಕಿಸಿದ್ದೇನೆ. ದಿನಾ ಬೆಳಿಗ್ಗೆ ಅಂಗಡಿಯಲ್ಲಿ ಕೀಲಿ ಹಿಡಿದು ಕೂರುತ್ತೇನೆ. ನಾನು ತಿರುವುವುದು ಇದ್ದೇ ಇದೆ. ಆಚೆ ಕಡೆಯಿಂದ ರೇಟು ಹೇಳುವವರಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದಿದ್ದರೆ ಇವತ್ತೇ ಇಳಿಸಿ. ತಂತಿಗಳನ್ನು ಸ್ವಲ್ಪ ಸಡಿಲ ಮಾಡಿ, ಒಣಬಟ್ಟೆಯಿಂದ ಒರೆಸಿ, ಗೋಡೆಯ ಥಂಡಿಯಿಂದ ದೂರವಿಡಿ. ನುಡಿಸುವವರು ಸಿಕ್ಕರೆ ಕೊಟ್ಟುಬಿಡಿ. ಇನ್ನು, ಯಾರನ್ನಾದರೂ ಕಚೇರಿಗೆ ಕರೆಯುವಾಗ ಎಷ್ಟು ರಾಗ ಎಂದು ಕೇಳುವ ಮೊದಲು, ಶ್ರುತಿ ಮಾಡಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಕೇಳಿ. ಆ ಹೊತ್ತಿಗೂ ಸೇರಿಸಿ ದುಡ್ಡು ಕೊಡಿ. ಅಲ್ಲಿ ಮಾತ್ರ ಚೌಕಾಸಿ ಬೇಡ.