ಜೌಗು ಮುಚ್ಚಲು ಬಂದ ಲಾರಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ತೀರ್ಥಹಳ್ಳಿ ಪೇಟೆಯಂಚಿನ ನಮ್ಮ ಬೀದಿಗೆ ಮಣ್ಣು ತುಂಬಿದ ಲಾರಿ ಬಂತು. ಪಕ್ಕದ ಮನೆಯ ನಾಗೇಶಣ್ಣ ತಮ್ಮ ಮನೆಗೂ ತುಂಗೆಗೂ ನಡುವಿನ ಜೌಗು ಮುಚ್ಚಿಸಿ ಕಾರಿಗೆ ಜಾಗ ಮಾಡಲು ಹೊರಟಿದ್ದರು. ಅವರ ಹೆಂಡತಿ ಸುಮಿತ್ರಕ್ಕ ಲಾರಿಗೆ ಅಡ್ಡ ನಿಂತರು.

“ಕೆಸರು, ಸೊಳ್ಳೆ ಬಿಟ್ರೆ ಅಲ್ಲಿ ಎಂತ ಇದೆ ಮಾರಾಯ್ತಿ?” ಎಂದರು ನಾಗೇಶಣ್ಣ.

“ಹೊಳೆ ಉಕ್ಕಿದಾಗ ನೀರು ಬಂದು ನಿಲ್ಲೋದು ಅಲ್ಲೇ ಅಲ್ವೇನ್ರೀ? ಅದನ್ನ ಮುಚ್ಚಿದ್ರೆ ಸೀದಾ ನನ್ನ ಅಡುಗೆಮನೆಗೆ ಬರ್ತದೆ. ಆಗ ನೀವೇ ಅನ್ನ ಬೇಯಿಸಿ!”

ಲಾರಿಯವನು ಬೇಸತ್ತ. “ಮತ್ತೆ ಮಣ್ಣು ಎಲ್ಲಿ ಸುರೀಲಿ ಅಮ್ಮಾ?”

“ನಮ್ಮ ಅಂಗಳದಲ್ಲೇ ಸುರಿ. ದಾರಿಗೆ ಅಡ್ಡ ಹಾಕಿದ್ರೆ ಹ್ಯಾಂಗಿರ್ತದೆ ಅಂತ ಇವರಿಗೂ ಗೊತ್ತಾಗ್ಲಿ.”

ಸಂಜೆ ನಾಗೇಶಣ್ಣ ಆ ರಾಶಿಗೆ ಸುತ್ತು ಹಾಕಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಹೊಳೆಗೆ ಇಷ್ಟು ಸೌಜನ್ಯವಿದೆಯೆಂದು ನನಗೇನೂ ಭರವಸೆಯಿಲ್ಲ.